ಭದ್ರತಾ ನಿರ್ವಹಣೆಯ ಪದವಿಯಲ್ಲಿ ಏನು ಕಲಿಸುತ್ತಾರೆ? ಗದಗ ಜಿಲ್ಲೆಯವರು ಎಲ್ಲಿ ಓದಬಹುದು?

ಜನ, ಆಸ್ತಿ, ಮಾಹಿತಿಗಳಿಗೆ ಒದಗಬಹುದಾದ ಅಪಾಯವನ್ನು ಮೊದಲೇ ಅಳೆದು, ತಡೆಯುವ ವ್ಯವಸ್ಥೆ ರೂಪಿಸುವುದೇ ಭದ್ರತಾ ನಿರ್ವಹಣೆ. ಕಾನೂನು, ಅಪಾಯದ ಅಂದಾಜು, ಅಗ್ನಿ ಸುರಕ್ಷತೆ, ಸೈಬರ್ ಭದ್ರತೆ, ವಿಪತ್ತು ನಿರ್ವಹಣೆ ಇದರ ಮುಖ್ಯ ವಿಷಯಗಳು.

ಕಾವಲುಗಾರರ ತರಬೇತಿಯೇ ಬೇರೆ. ಅವರಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಂತೆ ಕನಿಷ್ಠ 100 ಗಂಟೆ ಪಾಠ, 60 ಗಂಟೆ ಪ್ರಾಯೋಗಿಕ ತರಬೇತಿ ಕಡ್ಡಾಯ. ಪದವೀಧರರ ಹೊಣೆ ಯೋಜನೆ ಮತ್ತು ಮೇಲ್ವಿಚಾರಣೆ. ಬ್ಯಾಂಕು, ಆಸ್ಪತ್ರೆ, ಕಪ್ಪತಗುಡ್ಡದ ಗಾಳಿವಿದ್ಯುತ್ ಘಟಕಗಳಂಥ ಕಡೆಗಳಿಗೆಲ್ಲ ಈ ಜ್ಞಾನ ಬೇಕು.

2020ರ ಕಾಯ್ದೆಯಿಂದ ರಾಷ್ಟ್ರೀಯ ಮಹತ್ವದ ಸಂಸ್ಥೆಯಾದ ಗುಜರಾತಿನ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ ಶಿವಮೊಗ್ಗದಲ್ಲೂ ಆವರಣ ಹೊಂದಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿಗೆ ರಾಜ್ಯದೊಳಗಿನ ಆಯ್ಕೆ ಅದು. ಸಮೀಪದ ವಿಷಯವಾದ ಅಪರಾಧಶಾಸ್ತ್ರಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರತ್ಯೇಕ ವಿಭಾಗವಿದೆ.