ರಾಜಿಂದರ್ ನಗರದ ಬೇವಿನೆಲೆ, ಮೂರು ಸಾಲಲ್ಲಿ

ನಮ್ಮ ದೇಶದ ಬಗ್ಗೆ ಬರೆ ಅಂದರೆ ಮಗು ಏನು ಬರೆಯುತ್ತೆ? ಹಿಮಾಲಯ, ಗಂಗೆ, ಧ್ವಜ. ಬಾಯಿಪಾಠದ ದೇಶ.

ಈಗ ದೆಹಲಿಯ ಓಲ್ಡ್ ರಾಜಿಂದರ್ ನಗರಕ್ಕೆ ಬನ್ನಿ. ವಿಭಜನೆಯಲ್ಲಿ ಮನೆ ಕಳೆದುಕೊಂಡವರು ನೆಲೆನಿಂತ ಬಡಾವಣೆ. ಇವತ್ತು ಗಲ್ಲಿ ಗಲ್ಲಿಯಲ್ಲೂ ಯುಪಿಎಸ್‌ಸಿ ಕೋಚಿಂಗ್ ಬೋರ್ಡು. ಇಲ್ಲಿರುವ ಕನ್ನಡದ ಮಗುವಿಗೆ ದೇಶ ಅಂದರೆ ಈ ಗಲ್ಲಿಯೂ ಹೌದು. ಹಾಗಾಗಿ ಹೇಳಿ: ಕಂಡದ್ದನ್ನಷ್ಟೇ ಬರೆ. ಮೂರು ಸಾಲು. ಐದು, ಏಳು, ಐದು ಅಕ್ಷರ. ಇದು ಜಪಾನಿನ ಪುಟ್ಟ ಕವಿತೆ ‘ಹೈಕು’ವಿನ ಅಳತೆ.

ಬೇವಿನ ಎಲೆ
ಯಾರದೋ ಪುಸ್ತಕದ
ನಡುವೆ ಬಿತ್ತು

ಬೆರಳು ಮಡಚಿ ಎಣಿಸಿ. ಒತ್ತಕ್ಷರವೂ ಒಂದೇ ಅಕ್ಷರ.

ಸಾಂಪ್ರದಾಯಿಕ ಹೈಕುವಿನಲ್ಲಿ ಋತುವನ್ನು ಸೂಚಿಸುವ ಪದ ಇರಬೇಕು. ಜಪಾನಿಯಲ್ಲಿ ಅದು ‘ಕಿಗೋ’. ಇಲ್ಲಿ ಬೇವು ಎಲೆ ಉದುರಿಸುವುದು ಮಾರ್ಚ್ ಹೊತ್ತಿಗೆ; ಎಲೆಯೇ ಋತು ಹೇಳಿತು. ಜೂನ್‌ಗೆ ‘ಲೂ’ ಎಂಬ ಬಿಸಿಗಾಳಿ, ಆಗಸ್ಟ್‌ಗೆ ಗಾಳಿಪಟ, ಜನವರಿಗೆ ಮಂಜು. ಊರಲ್ಲಿರುವ ಅಜ್ಜಿಗೆ ಫೋನ್ ಮಾಡಿಸಿ. ಆರಿದ್ರಾ ಮಳೆ, ಮಘೆ ಮಳೆ ಅಂತ ಅವರ ಹತ್ತಿರ ಕಿಗೋ ಕಣಜವೇ ಇದೆ!

ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಜಪಾನಿಗರು ಎಣಿಸುವುದು ನಿಜಕ್ಕೂ ಅಕ್ಷರವನ್ನಲ್ಲ, ನಮ್ಮ ಛಂದಸ್ಸಿನ ಮಾತ್ರೆಯಂಥದ್ದನ್ನು. ‘ತೋಕ್ಯೋ’ (ಟೋಕಿಯೊ) ಅವರಿಗೆ ನಾಲ್ಕು. ನಮಗೂ ಎರಡು ಗುರು, ನಾಲ್ಕು ಮಾತ್ರೆ. ದೊಡ್ಡ ಮಕ್ಕಳಿಗೆ ಹಾಗೇ ಬರೆಸಿ ನೋಡಿ.

ಇದೇ ದೆಹಲಿಯ ಜೆಎನ್‌ಯುನಲ್ಲಿ ಜಪಾನಿ ಕಲಿಸಿದ ಸತ್ಯಭೂಷಣ ವರ್ಮಾ ಹೈಕುಗಳನ್ನು ಹಿಂದಿಗೆ ಅನುವಾದಿಸಿದರು. 2002ರಲ್ಲಿ ಜಪಾನಿ ಕವಿ ಮಸಾವೊಕಾ ಶಿಕಿ ಹೆಸರಿನ ಹೈಕು ಪ್ರಶಸ್ತಿ ಪಡೆದರು.

ಇವತ್ತು ಸಂಜೆ ಮಗುವಿನ ಕೈ ಹಿಡಿದು ಗಲ್ಲಿಗಿಳಿಯಿರಿ. ಪೆನ್ನು ಆಮೇಲೆ. ಮೊದಲು ಕೇಳಿ: ಏನು ಕಾಣ್ತು?