ಜರ್ಮನೀಲಿ ಸೀಟ್ ಸಿಕ್ತಂತೆ

ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಿಂದ ಹೊರಬಂದು ಚನ್ನಪಟ್ಟಣದ ಬಸ್ಸಿಗೆ ಕಾಯುತ್ತಿದ್ದಾಗ ಕಿವಿಗೆ ಬಿದ್ದ ಮಾತು: "ನಮ್ ಹುಡುಗೀಗೆ ಜರ್ಮನಿ ನರ್ಸಿಂಗ್ ಕಾಲೇಜಲ್ಲಿ ಸೀಟ್ ಸಿಕ್ತು ಕಣಕ್ಕ. ಹನ್ನೆರಡು ಲಕ್ಷ ಫೀಸಂತೆ." ಕಾಲೇಜು, ಸೀಟು, ಫೀಸು. ಮೂರೂ ತಪ್ಪು.

ಫೀಸಿನಿಂದಲೇ ಶುರು ಮಾಡೋಣ, ಹಿಪ್ಪುನೇರಳೆ ತೋಟ ಅಡಮಾನಕ್ಕೆ ಬೀಳುವುದು ಅದಕ್ಕೇ. ಜರ್ಮನಿಯಲ್ಲಿ ಹೆಚ್ಚಿನವರು ನರ್ಸ್ ಆಗುವುದು ಕಾಲೇಜಿನಿಂದಲ್ಲ, ಆಸ್‌ಬಿಲ್ಡುಂಗ್ ಎಂಬ 3 ವರ್ಷದ ತರಬೇತಿಯಿಂದ. ಕನಿಷ್ಠ 2,100 ಗಂಟೆ ಪಾಠ, 2,500 ಗಂಟೆ ಆಸ್ಪತ್ರೆ, ವೃದ್ಧರ ಆರೈಕೆ ಮನೆಗಳಲ್ಲಿ ಕೆಲಸ. 2020ರಲ್ಲಿ ಜಾರಿಗೆ ಬಂದ ಕಾನೂನು ಶಾಲಾ ಶುಲ್ಕವನ್ನೇ ತೆಗೆದುಹಾಕಿದೆ. ಕಲಿಯುವವರಿಗೇ ತಿಂಗಳ ಭತ್ಯೆ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ವರ್ಷವೇ ಕಡಿತಕ್ಕೆ ಮುಂಚೆ 1,300 ಯೂರೋ ದಾಟುತ್ತದೆ. ಹಾಗಾದರೆ ಆ ಹನ್ನೆರಡು ಲಕ್ಷ ಯಾರ ಜೇಬಿಗೆ? ಜರ್ಮನ್ ತರಗತಿ, ಪರೀಕ್ಷೆ, ವೀಸಾ, ವಿಮಾನದ ಖರ್ಚು ನಿಜ. ಉಳಿದದ್ದಕ್ಕೆ ರಸೀದಿ ಕೇಳಿ ನೋಡಬೇಕು.

ಸೀಟೂ ಅಷ್ಟೆ. ಅಲ್ಲಿ ಅರ್ಜಿ ಹೋಗುವುದು ಕೆಲಸ ಕೊಡುವ ಆಸ್ಪತ್ರೆಗೆ. ಅವರು ಸಂದರ್ಶನ ಮಾಡಿ, ಒಪ್ಪಿದರೆ ತರಬೇತಿ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ವೀಸಾ ನಿಂತಿರುವುದು ಆ ಕಾಗದದ ಮೇಲೆ. ಅದರಲ್ಲಿ ಆಸ್ಪತ್ರೆಯ ಹೆಸರು, ಭತ್ಯೆಯ ಮೊತ್ತ ಇಲ್ಲದಿದ್ದರೆ ಅದು ಬರೀ ಬಣ್ಣದ ಕಾಗದ. ಜೊತೆಗೆ ಭಾಷೆ: ಜರ್ಮನ್‌ನಲ್ಲಿ ಬಿ1 ಮಟ್ಟ ಇಲ್ಲದೆ ಮಾತುಕತೆಯೇ ಕಷ್ಟ, ಹಲವು ಕಡೆ ಅದರ ಮೇಲಿನ ಬಿ2 ಕೇಳುತ್ತಾರೆ. ಜರ್ಮನ್ ಕಲಿಸುವ ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನಕ್ಕೆ ಚನ್ನಪಟ್ಟಣದಿಂದ ರೈಲು ಹಿಡಿದು ಹೋಗಿ ಬರಬಹುದು. ಆದರೆ ಬಿ2ವರೆಗೆ ಒಂದು ವರ್ಷವಾದರೂ ಹಿಡಿಯುತ್ತದೆ.

"ಸೈನ್ಸ್ ಓದದಿದ್ರೆ ನರ್ಸಿಂಗ್ ಇಲ್ಲ" ಅನ್ನುವುದು ಇಲ್ಲಿಯ ಬಿ.ಎಸ್ಸಿ. ನರ್ಸಿಂಗ್‌ಗೆ ನಿಜ. ಆಸ್‌ಬಿಲ್ಡುಂಗ್‌ಗೆ ಕಾಮರ್ಸ್ ಪಿಯುಸಿಯೂ ನಡೆಯುತ್ತದೆ.

ಅಮೆರಿಕದ ನರ್ಸ್ ಆಗಲು ಅಮೆರಿಕದಲ್ಲೇ ಓದಬೇಕು ಎಂಬುದು ಇನ್ನೊಂದು ದುಬಾರಿ ನಂಬಿಕೆ. ಇಲ್ಲೇ 4 ವರ್ಷ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಅಲ್ಲಿನ ಯಾವುದಾದರೂ ರಾಜ್ಯದ ನರ್ಸಿಂಗ್ ಮಂಡಳಿ ಅರ್ಜಿ ಒಪ್ಪಿದರೆ, ಅಲ್ಲಿನ ನರ್ಸ್ ಪರವಾನಗಿಯ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಗ್ರೀನ್ ಕಾರ್ಡಿನ ಸಾಲು ಮಾತ್ರ ಭಾರತೀಯರಿಗೆ ವರ್ಷಗಟ್ಟಲೆ ಉದ್ದ. ಅಲ್ಲಿಗೇ ಹೋಗಿ ಓದಿದವರಿಗೂ ಪದವಿಯೊಂದೇ ಸಾಲದು, ಅದೇ ಪರೀಕ್ಷೆ ಪಾಸಾಗಬೇಕು.

"ಏಜೆಂಟು ಗೌರ್ಮೆಂಟ್ ಲೈಸೆನ್ಸ್ ಇರೋರು" ಎಂಬ ಮಾತನ್ನು ತುಸು ತಡೆದು ಕೇಳಿ. 1983ರ ವಲಸೆ ಕಾಯ್ದೆಯ ಪರವಾನಗಿ ವಿದೇಶದ ಕೆಲಸಕ್ಕೆ ಜನ ಕಳಿಸುವವರಿಗೆ; ಅವರು 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ಇಷ್ಟಕ್ಕಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಅವರ ಹೆಸರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ಓದಿಗೆ ಕಳಿಸುವ ಕನ್ಸಲ್ಟೆನ್ಸಿಗೆ ಈ ಕಡಿವಾಣವಿಲ್ಲ. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮಕ್ಕೇ ಅಂತಾರಾಷ್ಟ್ರೀಯ ವಲಸೆ ಕೇಂದ್ರವಿದೆ. ಅಲ್ಲಿ ವಿಚಾರಿಸಿದವರು ನಮ್ಮೂರಲ್ಲಿ ನನಗಂತೂ ಸಿಕ್ಕಿಲ್ಲ.

ಬಸ್ಸು ಬಂತು. ಹತ್ತುವ ಮುಂಚೆ ಕೇಳಿದೆ: "ಹುಡುಗಿ ಜರ್ಮನ್ ಎಲ್ಲೀವರೆಗೆ ಕಲ್ತಿದಾಳಮ್ಮ?"

"ಅದನ್ನ ಅಲ್ಲಿಗೆ ಹೋದ್ಮೇಲೆ ಅವರೇ ಕಲಿಸ್ತಾರಂತೆ."