ಕೌಜಲಗಿ ನಿಂಗಮ್ಮ ಗೊತ್ತೇನ್ರಿ?

ಹಾಲಿವುಡ್‌ನ ವೇರಾ-ಎಲೆನ್ ಅದ್ಭುತ ನರ್ತಕಿ. ಆದರೆ 1954ರ ‘ವೈಟ್ ಕ್ರಿಸ್‌ಮಸ್’ ಚಿತ್ರದಲ್ಲಿ ಆಕೆಗಾಗಿ ಹಾಡಿದ ದನಿ ಬೇರೆಯವರದು.

ನಮ್ಮ ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಆ ಅನುಕೂಲ ಇಲ್ಲ. ಹಾರ್ಮೋನಿಯಂ, ತಬಲಾ, ತಾಳ ಶುರುವಾದರೆ ಕಲಾವಿದೆ ತಾನೇ ಹಾಡಬೇಕು, ಕುಣಿಯಬೇಕು, ಭಾಗವತ ಕೆಣಕಿ ಕೇಳಿದ್ದಕ್ಕೆ ನಿಂತಲ್ಲೇ ಉತ್ತರ ಕೊಡಬೇಕು. ಅದೂ ಬೆಳಗಿನ ತನಕ!

ಕುಲಗೋಡ ತಮ್ಮಣ್ಣ ಬೆಳೆಸಿದ ಈ ಆಟವನ್ನು ಬೆಳಗಾವಿ ಸೀಮೆಯಲ್ಲಿ ಮನೆಮಾತಾಗಿಸಿದ ಹೆಣ್ಣುಮಗಳು ಕೌಜಲಗಿ ನಿಂಗಮ್ಮ. ಊರು ದೂರದ್ದಲ್ಲ, ಬೆಳಗಾವಿ ಜಿಲ್ಲೆಯದೇ. ಇಂಥ ಕಲಾವಿದೆಯ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಅದು ದೊಡ್ಡ ನಷ್ಟ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಂದಿ ಕೇಳ್ರಿ: ನಿಮ್ಮೂರಲ್ಲಿ ಪಾರಿಜಾತ ಕುಣಿದ ಹಿರಿಯರಿದ್ದರೆ, ಅವರ ಹಾಡು ಇವತ್ತೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ರಿ.